ಉದ್ಧರಣ ಚಿಹ್ನೆ ಬಿದ್ದುಹೋದ ದಿನ

ನಮ್ಮ ವಿಭಾಗದ ಬೀರುವಿನ ತಳದಲ್ಲಿ ಹಳೆಯ ಪತ್ರಿಕೆಗಳ ಒಂದು ಕಟ್ಟು ಇದೆ. ಮೂರು ಕನ್ನಡ ದಿನಪತ್ರಿಕೆಗಳು, 2023ರ ಮಾರ್ಚ್ 25ರಿಂದ ಮೇ 14ರವರೆಗೆ. ರದ್ದಿಗೆ ಹಾಕೋಣವಾ ಎಂದು ಅಟೆಂಡರ್ ಎರಡು ಸಲ ಕೇಳಿದ್ದಾರೆ. ನಾನು ಒಪ್ಪಿಲ್ಲ. ಆ ವರ್ಷ ಐಚ್ಛಿಕ ಕನ್ನಡದ ಮಕ್ಕಳಿಗೆ ಪತ್ರಿಕೆಯ ಭಾಷೆಯ ಬಗ್ಗೆ ಪಾಠ ಮಾಡಬೇಕಿತ್ತು. ಪಠ್ಯದಲ್ಲಿದ್ದ ಮಾದರಿಗಳು ಬಹಳ ಹಳೆಯವು, ಎದುರಿಗೋ ವಿಧಾನಸಭಾ ಚುನಾವಣೆ. ಒಬ್ಬೊಬ್ಬರು ಒಂದೊಂದು ವಿಷಯ ಹಿಡಿದು, ಸುದ್ದಿಗಳನ್ನು ಕತ್ತರಿಸಿ ಅಂಟಿಸಿ, ಮಾತು ಹೇಗೆ ಕೆಲಸ ಮಾಡುತ್ತದೆ ನೋಡಿ ಎಂದೆ. ಹೆಚ್ಚಿನವರು ಕ್ರಿಕೆಟ್, ಸಿನಿಮಾ, ರೇಷ್ಮೆ ಗೂಡಿನ ಬೆಲೆ ಎಂದು ಆರಿಸಿಕೊಂಡರು. ರಾಮನಗರದ ಕಡೆಯ ಕಾಲೇಜು ನಮ್ಮದು, ಗೂಡಿನ ಬೆಲೆ ಇಲ್ಲಿ ಕ್ರಿಕೆಟ್ಟಿನಷ್ಟೇ ಜನಪ್ರಿಯ. ಒಬ್ಬ ಹುಡುಗಿ ಮಾತ್ರ, ‘ನಮ್ಮ ಬಗ್ಗೆ ಏನೇನು ಬರುತ್ತೋ ಅದನ್ನೆಲ್ಲ ಅಂಟಿಸ್ತೀನಿ ಮೇಡಂ’ ಅಂದಳು. ನಮ್ಮ ಅಂದರೆ ಯಾರಮ್ಮಾ ಎಂದು ನಾನು ಕೇಳಲಿಲ್ಲ.

ಇನ್ನೂರು ಪುಟದ ಲಾಂಗ್‌ಬುಕ್ ಏಪ್ರಿಲ್ ಮುಗಿಯುವ ಮೊದಲೇ ತುಂಬಿತು. ಎರಡನೆಯದನ್ನು ನಾನೇ ಕೊಡಿಸಿದೆ. ಈ ಬರಹ ಆ ಎರಡು ಪುಸ್ತಕಗಳ ಓದು. ಪತ್ರಿಕೆಗಳ ಹೆಸರನ್ನು ಬೇಕೆಂದೇ ಹೇಳುತ್ತಿಲ್ಲ. ಒಂದು ಪತ್ರಿಕೆಯನ್ನು ಬೈದು ಇನ್ನೊಂದನ್ನು ಮಡಿಲಲ್ಲಿಟ್ಟುಕೊಳ್ಳುವ ನೆಮ್ಮದಿ ನನಗೆ ಬೇಡ. ನನ್ನ ಕುತೂಹಲ ಇರುವುದು ಮೂರೂ ಪತ್ರಿಕೆಗಳು, ತಮ್ಮ ತಮ್ಮ ಒಲವುಗಳನ್ನು ಮೀರಿ, ಒಟ್ಟಾಗಿ ಆಡಿದ ಭಾಷೆಯಲ್ಲಿ.

ಮೊದಲ ದಿನದಿಂದಲೇ ಶುರು ಮಾಡಬಹುದು. 2023ರ ಮಾರ್ಚ್ 24, ಶುಕ್ರವಾರ. ರಾಜ್ಯದ ಬಹುಭಾಗದಲ್ಲಿ ಅಂದು ರಂಜಾನ್ ಉಪವಾಸದ ಮೊದಲ ದಿನ. ಅದೇ ದಿನ ಬಸವರಾಜ ಬೊಮ್ಮಾಯಿ ಸರ್ಕಾರದ ಸಚಿವ ಸಂಪುಟ, ಪ್ರವರ್ಗ 2ಬಿ ಅಡಿಯಲ್ಲಿ ಮುಸ್ಲಿಮರಿಗಿದ್ದ ಶೇ 4 ಮೀಸಲಾತಿಯನ್ನು ತೆಗೆದು, ಎರಡೆರಡು ಪಾಲು ಮಾಡಿ ಒಕ್ಕಲಿಗರ 2ಸಿ ಮತ್ತು ಲಿಂಗಾಯತರ 2ಡಿಗೆ ಸೇರಿಸಲು ತೀರ್ಮಾನಿಸಿತು. ಮುಸ್ಲಿಮರನ್ನು ಆರ್ಥಿಕವಾಗಿ ದುರ್ಬಲರಾದವರ ಶೇ 10ರ ಗುಂಪಿಗೆ ಕಳಿಸಲಾಯಿತು. ಐದು ದಿನಗಳ ನಂತರ, ಮಾರ್ಚ್ 29ರಂದು, ಚುನಾವಣೆಯ ದಿನಾಂಕ ಪ್ರಕಟವಾಯಿತು. ಮರುದಿನದ ಪತ್ರಿಕೆಗಳಲ್ಲಿ ಮುಖಪುಟದ ತುಂಬ ಮೀಸಲಾತಿ, ಒಳಪುಟದ ಮೂಲೆಯಲ್ಲಿ ಉಪವಾಸದ ಆರಂಭ ಮತ್ತು ಖರ್ಜೂರದ ಬೆಲೆ. ಎರಡೂ ಸುದ್ದಿ ಒಂದೇ ಮನೆಗೆ ಸಂಬಂಧಪಟ್ಟವು ಎಂಬುದು ಪುಟವಿನ್ಯಾಸಕ್ಕೆ ಗೊತ್ತಿಲ್ಲ. ಹುಡುಗಿ ಎರಡನ್ನೂ ಕತ್ತರಿಸಿ ಒಂದೇ ಹಾಳೆಯಲ್ಲಿ ಅಂಟಿಸಿದ್ದಳು.

ತರಗತಿಯಲ್ಲಿ ನಾವು ಮೊದಲು ಮಾಡಿದ ಕೆಲಸ ತೀರ ಸರಳ. ಮುಖ್ಯ ಶೀರ್ಷಿಕೆಗಳಲ್ಲಿ ಕರ್ತೃ ಯಾರು, ಕ್ರಿಯಾಪದ ಯಾವುದು ಎಂದು ಗುರುತು ಹಾಕುವುದು. ಒಂದೇ ತೀರ್ಮಾನವನ್ನು ‘ಕೊಡಲಾಯಿತು’ ಎಂದೂ ಹೇಳಬಹುದು, ‘ಕಿತ್ತುಕೊಳ್ಳಲಾಯಿತು’ ಎಂದೂ ಹೇಳಬಹುದು. ದೊಡ್ಡಕ್ಷರದಲ್ಲಿ ಕೊಡುವ ಕ್ರಿಯೆ ಇತ್ತು, ಯಾರಿಗೆ ಎಷ್ಟು ಸಿಕ್ಕಿತು ಎಂಬ ಲೆಕ್ಕ. ತೆಗೆದ ಮಾತು ಉಪಶೀರ್ಷಿಕೆಗೆ ಇಳಿದಿತ್ತು. ಚದುರಂಗದ ನಡೆ, ದಾಳ, ಬಾಣ ಎಂಬ ರೂಪಕಗಳು ಧಾರಾಳವಾಗಿದ್ದವು. ಆಟದ ರೂಪಕ ಬಂದ ಕೂಡಲೇ ಓದುಗ ಆಟಗಾರರನ್ನು ನೋಡುತ್ತಾನೆ. ಕಾಯಿಗಳು ಮನುಷ್ಯರು ಎಂಬುದು ಅವನಿಗೆ ನೆನಪಾಗುವುದಿಲ್ಲ. ಪಿಯುಸಿ ಮುಗಿಸಿ ಸಿಇಟಿಗೆ ಓದುತ್ತಿದ್ದ ಒಬ್ಬ ಹುಡುಗನಿಗೋ ಹುಡುಗಿಗೋ ಈ ತೀರ್ಮಾನದಿಂದ ಏನಾಗುತ್ತದೆ ಎಂದು ಕೇಳಿಕೊಂಡು ಹೋದ ಒಂದು ವರದಿಯೂ ಆ ವಾರದ ಮೂರು ಪತ್ರಿಕೆಗಳಿಂದ ಅವಳ ಪುಸ್ತಕಕ್ಕೆ ಬಂದಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ಒಂದು ಸಂಗತಿಯನ್ನು ಕಂಡುಹಿಡಿದದ್ದು ಅವಳೇ. ಸರ್ಕಾರದ ವಾದ, ಸಂವಿಧಾನದಲ್ಲಿ ಧರ್ಮಾಧಾರಿತ ಮೀಸಲಾತಿಗೆ ಅವಕಾಶವಿಲ್ಲ ಎಂಬುದು. ಮೊದಲ ಎರಡು ದಿನ ‘ಧರ್ಮಾಧಾರಿತ ಮೀಸಲಾತಿ’ ಎಂಬ ಪದ ಉದ್ಧರಣ ಚಿಹ್ನೆಯ ಒಳಗೆ ಇತ್ತು. ಅದು ಯಾರದೋ ಮಾತು, ಪತ್ರಿಕೆಯ ಮಾತಲ್ಲ. ವಾರ ಕಳೆಯುವಷ್ಟರಲ್ಲಿ ಚಿಹ್ನೆ ಬಿದ್ದುಹೋಗಿತ್ತು. ಪತ್ರಿಕೆ ತನ್ನದೇ ದನಿಯಲ್ಲಿ, ತನ್ನದೇ ವಿವರಣೆಯಾಗಿ, ರದ್ದಾದದ್ದು ಧರ್ಮಾಧಾರಿತ ಮೀಸಲಾತಿ ಎಂದು ಬರೆಯತೊಡಗಿತ್ತು. ಹುಡುಗಿ ಆ ಪುಟದ ಅಂಚಿನಲ್ಲಿ ಕೆಂಪು ಪೆನ್ನಿನಿಂದ ಎರಡು ಪುಟ್ಟ ಕೊಕ್ಕೆ ಬರೆದು ಪ್ರಶ್ನಾರ್ಥಕ ಹಾಕಿದ್ದಳು. ಆ ಎರಡು ಕೊಕ್ಕೆ ಬೀಳಲು ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಯಾರೋ ದಣಿದ ಉಪಸಂಪಾದಕರು ಅಳಿಸಿರಬಹುದು, ಅಥವಾ ಯಾರೂ ಅಳಿಸದೆ ತಾನಾಗಿ ಉದುರಿರಬಹುದು.

ಉದುರಿದ್ದರಿಂದ ಏನಾಯಿತು? ಮುಸ್ಲಿಮರಿಗೆ ಆ ಮೀಸಲಾತಿ ಬಂದ ದಾರಿಯೇ ಮುಚ್ಚಿಹೋಯಿತು. ನಾಲ್ವಡಿ ಕೃಷ್ಣರಾಜ ಒಡೆಯರ್ 1918ರಲ್ಲಿ ನೇಮಿಸಿದ ಮಿಲ್ಲರ್ ಸಮಿತಿ ಬ್ರಾಹ್ಮಣರ ಹೊರತಾಗಿ ಉಳಿದವರನ್ನು ಹಿಂದುಳಿದವರೆಂದು ಗಣಿಸಿದಾಗ ಮುಸ್ಲಿಮರೂ ಅದರಲ್ಲಿದ್ದರು. 1990ರಲ್ಲಿ ವರದಿ ಕೊಟ್ಟ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಆಯೋಗ ಅವರ ಸಾಮಾಜಿಕ, ಶೈಕ್ಷಣಿಕ ಸ್ಥಿತಿಯನ್ನು ನೋಡಿ ಹಿಂದುಳಿದ ವರ್ಗವೆಂದಿತು. ಎಚ್.ಡಿ. ದೇವೇಗೌಡರ ಸರ್ಕಾರದ ಕಾಲದಲ್ಲಿ, 1995ರಲ್ಲಿ, ಶೇ 4 ನಿಗದಿಯಾಯಿತು. ಜತೆಗೆ ಪಿಂಜಾರ, ನದಾಫರಂಥ ಹಲವು ಮುಸ್ಲಿಂ ಸಮುದಾಯಗಳು ಪ್ರವರ್ಗ 1ರಲ್ಲಿ ಬೇರೆಯಾಗಿಯೇ ಇವೆ, 2023ರ ತೀರ್ಮಾನ ಅವನ್ನು ಮುಟ್ಟಲಿಲ್ಲ. ಆ ಆಧಾರ ಸರಿಯಿತ್ತೇ, ಇಡೀ ಸಮುದಾಯವನ್ನು ಒಂದು ವರ್ಗವೆಂದು ನೋಡಬಹುದೇ ಎಂದು ವಾದಿಸಲು ಅವಕಾಶವಿದೆ. ಗಂಭೀರವಾದ ವಾದವೇ ಅದು. ಆದರೆ ಆ ವಾದ ನಡೆಯಬೇಕಾದರೆ ಆಧಾರ ಏನಿತ್ತು ಎಂದು ಓದುಗರಿಗೆ ಗೊತ್ತಿರಬೇಕು. ಸಂಪಾದಕೀಯ ಪುಟದಲ್ಲಿ ಅಲ್ಲೊಂದು ಇಲ್ಲೊಂದು ಲೇಖನ ಇದನ್ನು ಹೇಳಿದವು, ನಿಜ. ಮುಖಪುಟ ಹೇಳಲಿಲ್ಲ. ಏಪ್ರಿಲ್ 13ರಂದು ಸುಪ್ರೀಂ ಕೋರ್ಟ್ ಈ ತೀರ್ಮಾನದ ತಳಹದಿಯೇ ಮೇಲ್ನೋಟಕ್ಕೆ ಅಲುಗಾಡುವಂತಿದೆ ಎಂಬರ್ಥದ ಮಾತಾಡಿತು, ಸದ್ಯಕ್ಕೆ ಜಾರಿ ಮಾಡುವುದಿಲ್ಲ ಎಂದು ಸರ್ಕಾರ ಒಪ್ಪಿಕೊಂಡಿತು. ಅಷ್ಟರಲ್ಲಿ ಟಿಕೆಟ್ ಹಂಚಿಕೆಯ ಗದ್ದಲ ಮುಖಪುಟವನ್ನು ಆಕ್ರಮಿಸಿತ್ತು. ತೀರ್ಮಾನಕ್ಕೆ ಸಿಕ್ಕ ಅಕ್ಷರದ ಗಾತ್ರ ತಡೆಗೆ ಸಿಗಲಿಲ್ಲ. ಪ್ರಚಾರದ ವೇದಿಕೆಗಳಲ್ಲಿ ಮಾತು ನಿಲ್ಲಲೂ ಇಲ್ಲ. ವಿಚಾರಣೆಯಲ್ಲಿರುವ ವಿಷಯದ ಬಗ್ಗೆ ಹೀಗೆ ರಾಜಕೀಯ ಹೇಳಿಕೆ ಕೊಡುವುದಕ್ಕೆ ಅದೇ ಕೋರ್ಟ್ ಮೇ 9ರಂದು, ಮತದಾನದ ಹಿಂದಿನ ದಿನ, ಆಕ್ಷೇಪ ಎತ್ತಿತು.

ಪದಗಳ ವಿಷಯಕ್ಕೆ ಬರುತ್ತೇನೆ, ಕನ್ನಡ ಮೇಷ್ಟರಾದವರಿಗೆ ಅದೇ ದೌರ್ಬಲ್ಯ. ಅವಳ ಪುಸ್ತಕದಲ್ಲಿ ಅತಿ ಹೆಚ್ಚು ಸಲ ಕೆಂಪು ಗೆರೆ ಬಿದ್ದ ಪದ ‘ಓಲೈಕೆ’. ಹಳಗನ್ನಡದಲ್ಲಿ ಓಲೈಸುವುದು ಎಂದರೆ ಸೇವಿಸುವುದು, ಒಡೆಯನ ಎದುರು ನಿಲ್ಲುವುದು. ಓಲಗ ಎಂದರೆ ರಾಜಸಭೆ. ಆಳು ಅರಸನನ್ನು ಓಲೈಸುತ್ತಿದ್ದ. ಚುನಾವಣೆಯ ಕನ್ನಡದಲ್ಲಿ ಆ ಸಂಬಂಧ ತಿರುಗುಮುರುಗಾಗಿದೆ. ಅಧಿಕಾರದಲ್ಲಿರುವವನು ಅಧಿಕಾರವಿಲ್ಲದ ಸಮುದಾಯವನ್ನು ಓಲೈಸುತ್ತಾನಂತೆ. ಪದದ ಹೊಟ್ಟೆಯಲ್ಲಿ ಹಳೆಯ ಅರ್ಥ ಇನ್ನೂ ಇರುವುದರಿಂದ, ಓಲೈಸಿಕೊಳ್ಳುವ ಸಮುದಾಯ ಸಿಂಹಾಸನದ ಮೇಲೆ ಕೂತಂತೆ ಕಾಣುತ್ತದೆ. ಇಡೀ 51 ದಿನಗಳಲ್ಲಿ ಈ ಪದ ಬೇರೆ ಯಾವ ಸಮುದಾಯಕ್ಕಾದರೂ ಬಳಕೆಯಾಗಿದೆಯೇ ಎಂದು ಹುಡುಕಿದೆವು. ಬೇರೆಯವರಿಗೆ ಸಿಕ್ಕಿದ್ದು ಕೊಡುಗೆ, ಬಂಪರ್, ನ್ಯಾಯ, ಮನ್ನಣೆ. ಒಂದೆರಡು ಕಡೆ ‘ಮನವೊಲಿಕೆ’ ಇತ್ತು. ಅದರಲ್ಲೂ ಒಲವು ಇದೆ, ಆದರೆ ಸೊಂಟ ಬಾಗಿಸಿದ ಚಿತ್ರವಿಲ್ಲ.

ಇನ್ನೊಂದು ಪದ ‘ಕೋಮು’. ಅರಬ್ಬಿಯ ಕೌಮ್ ಉರ್ದುವಿನ ದಾರಿಯಲ್ಲಿ ನಮ್ಮಲ್ಲಿಗೆ ಬಂದು, ಹಳೇ ಮೈಸೂರಿನ ಶಾಲಾ ದಾಖಲೆಗಳಲ್ಲಿ ಎಲ್ಲರ ಜಾತಿಗೂ ಹೆಸರಾಗಿತ್ತು. ನಮ್ಮ ತಾತನ ಸರ್ಟಿಫಿಕೇಟಿನಲ್ಲೂ ಕೋಮು ಎಂಬ ಕಲಮು ಇತ್ತು, ಅದರ ಮುಂದೆ ಅವರ ಜಾತಿ. ಈಗ ಆ ಪದ ಗಲಭೆಯ ಪಕ್ಕದಲ್ಲಿ ಮಾತ್ರ ವಾಸಿಸುತ್ತದೆ. ಗಲಭೆ ನಡೆದಾಗ ಸಮುದಾಯಗಳ ಹೆಸರು ಬರೆಯದೆ ‘ಒಂದು ಕೋಮಿನವರು’ ಎನ್ನುವ ರೂಢಿ ಒಳ್ಳೆಯ ಉದ್ದೇಶದಿಂದಲೇ ಬಂದದ್ದು, ಬೆಂಕಿ ಹರಡಬಾರದು ಎಂದು. ಆದರೆ ‘ಅನ್ಯಕೋಮಿನ ಯುವಕ’ ಎಂದು ಬರೆದಾಗ ಅನ್ಯ ಯಾರಿಗೆ? ಆ ಪದವನ್ನು ಬರೆದ ಪತ್ರಿಕೆ, ತನ್ನ ಓದುಗರೆಲ್ಲ ಒಂದೇ ಕೋಮಿನವರು ಎಂದು ಮೊದಲೇ ತೀರ್ಮಾನಿಸಿಕೊಂಡಿದೆ. ನನ್ನ ಎದುರು ಕೂತು ಆ ವಾಕ್ಯವನ್ನು ಗಟ್ಟಿಯಾಗಿ ಓದಿದ ಹುಡುಗಿಗೆ ಆ ಪತ್ರಿಕೆ ಮನೆಗೆ ಬರುತ್ತದೆ, ಅವಳಪ್ಪ ತಿಂಗಳಿಗೆ ದುಡ್ಡು ಕೊಡುತ್ತಾರೆ.

ಉರಿಗೌಡ, ನಂಜೇಗೌಡರ ಪ್ರಸಂಗ ನನ್ನ ಕಟ್ಟಿನ ಮೊದಲ ಸಂಚಿಕೆಗಿಂತ ಸ್ವಲ್ಪ ಹಿಂದಿನದು. ಆದರೂ ಅದನ್ನು ಬಿಡಲಾಗದು, ಸಾಹಿತ್ಯದ ವಿದ್ಯಾರ್ಥಿಗಳಿಗೆ ಅದಕ್ಕಿಂತ ರಸವತ್ತಾದ ವಸ್ತು ಸಿಗುವುದು ಕಷ್ಟ. ಟಿಪ್ಪು ಸುಲ್ತಾನನನ್ನು ಕೊಂದದ್ದು ಬ್ರಿಟಿಷರಲ್ಲ, ಈ ಇಬ್ಬರು ಗೌಡರು ಎಂಬ ಕಥೆ. ಮೈಸೂರು ರಂಗಾಯಣದ ನಿರ್ದೇಶಕರಾಗಿದ್ದ ಅಡ್ಡಂಡ ಕಾರ್ಯಪ್ಪನವರ ‘ಟಿಪ್ಪು ನಿಜಕನಸುಗಳು’ ನಾಟಕದಿಂದ ಅದು ಪ್ರಚಾರದ ವೇದಿಕೆಗೆ ನಡೆದುಬಂತು. 2023ರ ಮಾರ್ಚ್ 12ರಂದು ಪ್ರಧಾನಿ ಮಂಡ್ಯಕ್ಕೆ ಬಂದಾಗ ಸ್ವಾಗತ ಕಮಾನಿಗೆ ಅವರ ಹೆಸರು ಬಂತು, ಟೀಕೆ ಎದ್ದ ಮೇಲೆ ಬದಲಾಯಿತು. ಸಚಿವ ಮುನಿರತ್ನ ಆ ಹೆಸರಿನ ಸಿನಿಮಾ ಮಾಡಲು ಹೊರಟರು. ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮೀಜಿ ಕರೆದು ಮಾತಾಡಿದ ಮೇಲೆ ಕೈಬಿಟ್ಟರು. ಅಲ್ಲಿಗೆ ಇಬ್ಬರು ಗೌಡರೂ ಎಲ್ಲಿಂದ ಬಂದಿದ್ದರೋ ಅಲ್ಲಿಗೆ ಹೋದರು.

ಇಲ್ಲಿ ಪತ್ರಿಕೆ ಬಳಸಿದ ರೂಪವನ್ನು ಗಮನಿಸಬೇಕು. ಎರಡು ಕಾಲಂ: ಇದ್ದರು ಎನ್ನುವವರು ಎಡಕ್ಕೆ, ಇರಲಿಲ್ಲ ಎನ್ನುವವರು ಬಲಕ್ಕೆ. ನಡುವೆ ಒಂದು ಗೆರೆ. ಇದನ್ನು ಸಮತೋಲನ ಎನ್ನುತ್ತಾರೆ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದ ಬಗ್ಗೆ ದಾಖಲೆಗಳಿವೆ. ಅಲ್ಲಿ ಹೋರಾಡಿದವರೇ ಬರೆದದ್ದೂ ಇದೆ. ಇದ್ದಾರೆ ಎನ್ನುವವರು ದಾಖಲೆ ತರಬೇಕು, ಇಲ್ಲ ಎನ್ನುವವರು ತರುವುದು ಏನನ್ನು? ಒಂದು ಪಾತ್ರ ಕಲ್ಪಿತವೋ ಚಾರಿತ್ರಿಕವೋ ಎಂಬ ಪ್ರಶ್ನೆಯನ್ನು ಅರ್ಧರ್ಧ ಪುಟ ಹಂಚಿ ಬಗೆಹರಿಸಲು ಬರುವುದಿಲ್ಲ. ಹಾಗೆ ಹಂಚಿದ ಕ್ಷಣದಲ್ಲೇ ಕಲ್ಪಿತ ಪಾತ್ರಕ್ಕೆ ಅರ್ಧ ಜೀವ ಬಂದಿರುತ್ತದೆ. ಈ ಇಡೀ ಗಲಾಟೆಯಲ್ಲಿ ಜೀವಂತ ಮುಸ್ಲಿಮರೊಬ್ಬರ ಮಾತೂ ಬೇಕಾಗಲಿಲ್ಲ. ಸುದ್ದಿ ಒಕ್ಕಲಿಗರ ಬಗ್ಗೆ, ಇತಿಹಾಸದ ಬಗ್ಗೆ, ಸಿನಿಮಾದ ಬಗ್ಗೆ ಇತ್ತು. ಅವರು ಸುದ್ದಿಯ ನೆರಳಾಗಿದ್ದರು.

ಮೇ 2ರಂದು ಕಾಂಗ್ರೆಸ್ ಪ್ರಣಾಳಿಕೆ ಬಂತು. ದ್ವೇಷ ಬಿತ್ತುವ ಬಜರಂಗದಳ, ಪಿಎಫ್‌ಐನಂಥ ಸಂಘಟನೆಗಳ ವಿರುದ್ಧ ನಿಷೇಧವೂ ಸೇರಿದಂತೆ ಕ್ರಮ ಕೈಗೊಳ್ಳುವ ಮಾತು ಅದರಲ್ಲಿತ್ತು. ಪಿಎಫ್‌ಐಯನ್ನು ಕೇಂದ್ರ ಸರ್ಕಾರ 2022ರ ಸೆಪ್ಟೆಂಬರ್‌ನಲ್ಲೇ ನಿಷೇಧಿಸಿತ್ತು. ನಿಷೇಧಿತ ಸಂಘಟನೆಯನ್ನು ಮತ್ತೆ ಯಾಕೆ ಹೆಸರಿಸಿದರು ಎಂಬುದನ್ನು ಪ್ರಣಾಳಿಕೆ ಬರೆದವರೇ ಹೇಳಬೇಕು. ಎರಡು ಹೆಸರನ್ನು ಒಂದು ತಕ್ಕಡಿಯಲ್ಲಿಟ್ಟರೆ ನಿಷ್ಪಕ್ಷಪಾತ ಕಾಣುತ್ತದೆ ಎಂದುಕೊಂಡಿರಬಹುದು. ಅದೇ ದಿನ ಹೊಸಪೇಟೆಯಲ್ಲಿ ಪ್ರಧಾನಿ, ಬಜರಂಗಬಲಿಯನ್ನೇ ಕೂಡಿಹಾಕಲು ಹೊರಟಿದ್ದಾರೆ ಎಂಬರ್ಥದಲ್ಲಿ ಮಾತಾಡಿದರು. ಮರುದಿನ ಮೂಲ್ಕಿಯಲ್ಲಿ ಭಾಷಣವೇ ಬಜರಂಗಬಲಿಯ ಜೈಕಾರದಿಂದ ಶುರುವಾಯಿತು. ಮೇ 5ರಂದು ಬಳ್ಳಾರಿಯಲ್ಲಿ, ಅಂದೇ ಬಿಡುಗಡೆಯಾದ ‘ದಿ ಕೇರಳ ಸ್ಟೋರಿ’ ಸಿನಿಮಾದ ಪ್ರಸ್ತಾಪ ಬಂತು.

ಕಾವ್ಯಮೀಮಾಂಸೆಯ ತರಗತಿಯಲ್ಲಿ ಅಭಿಧೆ, ಲಕ್ಷಣೆ, ವ್ಯಂಜನೆ ಹೇಳಿಕೊಡುವಾಗ ನಾನು ವರ್ಷಾನುಗಟ್ಟಲೆ ಬಳಸಿದ ಉದಾಹರಣೆ ಎಲ್ಲ ಮೇಷ್ಟರೂ ಬಳಸುವುದೇ: ‘ಸೂರ್ಯ ಮುಳುಗಿದ.’ ದನಗಾಹಿಗೆ ಅದು ಮನೆಗೆ ಹೊರಡುವ ಹೊತ್ತು, ಕಳ್ಳನಿಗೆ ಕೆಲಸದ ಹೊತ್ತು, ಪ್ರೇಮಿಗೆ ಇನ್ನೇನೋ. ಆ ವರ್ಷ ಉದಾಹರಣೆ ಬದಲಿಸಿದೆ. ಸಂಘಟನೆಯ ಹೆಸರು ದೇವರ ಹೆಸರಾದದ್ದು ಲಕ್ಷಣೆ, ಒಂದು ರಾತ್ರಿಯಲ್ಲಿ ಆಯಿತು. ಆಂಜನೇಯನ ಹೆಸರನ್ನು ಮಾತ್ರ ಹೇಳಿದ ಭಾಷಣದಲ್ಲಿ ಹೇಳದೆ ಉಳಿದ ಇನ್ನೊಂದು ಸಮುದಾಯ ಕೇಳುಗರಿಗೆಲ್ಲ ಕೇಳಿಸಿದ್ದು ವ್ಯಂಜನೆ. ಧ್ವನಿಯನ್ನು ಕಾವ್ಯದ ಆತ್ಮವೆಂದ ಆನಂದವರ್ಧನ ಇದನ್ನು ನಿರೀಕ್ಷಿಸಿರಲಿಕ್ಕಿಲ್ಲ.

ಪತ್ರಿಕೆಯ ಸಮರ್ಥನೆ ಸದಾ ಅಭಿಧೆಯಲ್ಲಿ ಇರುತ್ತದೆ: ಅವರು ಹೇಳಿದ್ದನ್ನು ನಾವು ಬರೆದೆವು. ಕಾನೂನಿನ ಕಣ್ಣೂ ಬಹುಮಟ್ಟಿಗೆ ಅಲ್ಲೇ ಇದೆ. ಧರ್ಮದ ಹೆಸರಲ್ಲಿ ಮತ ಕೇಳುವುದು 1951ರ ಜನಪ್ರಾತಿನಿಧ್ಯ ಕಾಯ್ದೆಯ 123(3)ನೇ ಸೆಕ್ಷನ್ ಪ್ರಕಾರ ಭ್ರಷ್ಟ ಆಚರಣೆ. 2017ರ ಜನವರಿ 2ರಂದು ಅಭಿರಾಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 4–3ರ ಬಹುಮತದಿಂದ ಅಭ್ಯರ್ಥಿಯದಷ್ಟೇ ಅಲ್ಲ, ಮತದಾರರ ಧರ್ಮವನ್ನು ಎತ್ತಿ ಮತ ಕೇಳುವುದೂ ಅದರೊಳಗೆ ಬರುತ್ತದೆ ಎಂದಿತು. ಭಾರತೀಯ ಪತ್ರಿಕಾ ಮಂಡಳಿ 1996ರಲ್ಲೇ, ಚುನಾವಣೆಯ ಹೊತ್ತಿನಲ್ಲಿ ಜಾತಿಧರ್ಮಗಳ ನಡುವೆ ಹಗೆ ಹುಟ್ಟಿಸುವಂಥ ವರದಿಗಳಿಂದ ದೂರವಿರಿ ಎಂದು ಪತ್ರಿಕೆಗಳಿಗೆ ಹೇಳಿದೆ. ಈ ನಿಯಮಗಳೆಲ್ಲ ಹೇಳಿದ ಮಾತನ್ನು ಹಿಡಿಯಬಲ್ಲವು, ಕೇಳಿಸಿದ ಮಾತನ್ನು ಹಿಡಿಯುವುದು ಕಷ್ಟ. ಅದನ್ನು ಹಿಡಿಯಬಲ್ಲವರು ಭಾಷೆಯಲ್ಲಿ ಪಳಗಿದ ಓದುಗರು ಮತ್ತು ಪತ್ರಕರ್ತರು ಮಾತ್ರ. ಕನ್ನಡ ಪತ್ರಕರ್ತರಿಗೆ ವ್ಯಂಜನೆ ಗೊತ್ತಿಲ್ಲ ಎಂದು ನಾನು ನಂಬುವುದಿಲ್ಲ. ಶೀರ್ಷಿಕೆಯಲ್ಲಿ ಶ್ಲೇಷೆ ಕಟ್ಟುವುದರಲ್ಲಿ ಅವರನ್ನು ಮೀರಿಸುವವರು ವಿಶ್ವವಿದ್ಯಾಲಯಗಳಲ್ಲಿ ಇಲ್ಲ.

ಡೆಸ್ಕಿನಲ್ಲಿ ಕೆಲಸ ಮಾಡುವ ಗೆಳತಿಯೊಬ್ಬಳಿಗೆ ಇದನ್ನೆಲ್ಲ ಹೇಳಿದೆ. ಅವಳು ನಕ್ಕಳು. ‘ಒಂಬತ್ತೂವರೆಗೆ ಪುಟ ಬಿಡಬೇಕು ಕಣೇ. ಒಂದೇ ದಿನ ನಾಲ್ಕು ಕಡೆ ನಾಲ್ಕು ದೊಡ್ಡ ನಾಯಕರ ಸಭೆ. ಭಾಷಣ ಹಿಂದಿಯಲ್ಲಿ, ವರದಿ ಫೋನಲ್ಲಿ. ನಲವತ್ತು ನಿಮಿಷದ ಭಾಷಣದಲ್ಲಿ ಶೀರ್ಷಿಕೆಗೆ ಸಿಗೋದು ಒಂದೇ ವಾಕ್ಯ, ಅದು ಯಾವುದು ಅಂತ ಭಾಷಣ ಬರೆದವನಿಗೂ ಗೊತ್ತಿರುತ್ತೆ.’ ಅವಳ ಮಾತು ಸುಳ್ಳಲ್ಲ. ನೀರಾವರಿಯ ಬಗ್ಗೆ ಹತ್ತು ನಿಮಿಷ ಮಾತಾಡಿದ ನಾಯಕ ಕೊನೆಗೆ ಒಂದು ಸಾಲು ಕಿಡಿ ಹಾರಿಸಿದರೆ ಮರುದಿನ ನೀರಾವರಿ ಆವಿಯಾಗಿರುತ್ತದೆ. ಶೀರ್ಷಿಕೆಗೆಂದೇ ಇರುವ ಕ್ರಿಯಾಪದಗಳನ್ನು ನೋಡಿ: ಗುಡುಗು, ಕಿಡಿ, ವಾಗ್ದಾಳಿ, ಲೇವಡಿ. ‘ವಿವರಿಸಿದರು’ ಎಂಬ ಪದಕ್ಕೆ ಆ ಪುಟದಲ್ಲಿ ಜಾಗವಿಲ್ಲ. ಇದರ ಪಕ್ಕಕ್ಕೆ ಜಾಹೀರಾತು. ಮುದ್ರಿತ ಜಾಹೀರಾತಿಗೆ ಮತದಾನದ ದಿನ ಮತ್ತು ಅದರ ಹಿಂದಿನ ದಿನ ಮಾತ್ರ ಮುಂಚಿತ ಪ್ರಮಾಣೀಕರಣ ಬೇಕು. ಅದಕ್ಕೂ ಮೊದಲಿನ ವಾರಗಳಲ್ಲಿ ಇಡೀ ಮುಖಪುಟವನ್ನೇ ಹೊದ್ದುಕೊಂಡ ಜಾಹೀರಾತಿನ ಭಾಷೆಯೂ ಅದರ ಹಿಂದಿನ ಸುದ್ದಿಯ ಭಾಷೆಯೂ ಒಂದೇ ಅಕ್ಷರಶೈಲಿಯಲ್ಲಿ ಒಂದೇ ಮಾತಾಡುತ್ತವೆ.

ಇಷ್ಟು ಹೇಳಿ ನಿಲ್ಲಿಸಿದ್ದರೆ ನನಗೆ ಸುಖವಿತ್ತು. ಆದರೆ ಹುಡುಗಿಯ ಮೊದಲ ಪುಸ್ತಕದ ಕೊನೆಯಲ್ಲಿ, ಬೇರೆಯಾಗಿ ಅಂಟಿಸಿದ್ದ ಒಂದು ತುಣುಕು ಇತ್ತು. 2018ರ ಚುನಾವಣೆಯ ಹೊತ್ತಿಗೆ ಸಣ್ಣ ಪತ್ರಿಕೆಯೊಂದರಲ್ಲಿ ನಾನೇ ಬರೆದಿದ್ದ ಲೇಖನ. ಕಾಲೇಜಿನ ಗ್ರಂಥಾಲಯದಲ್ಲಿ ಸಿಕ್ಕಿತಂತೆ. ಅದರಲ್ಲಿ ಕೆಂಪು ಗೆರೆ ಬಿದ್ದದ್ದು ನನ್ನ ವಾಕ್ಯದ ಕೆಳಗೆ: ಇಂತಿಂಥ ಕ್ಷೇತ್ರಗಳಲ್ಲಿ ಮುಸ್ಲಿಂ ಮತಗಳು ನಿರ್ಣಾಯಕ, ಅವು ಒಡೆಯದಂತೆ ನೋಡಿಕೊಳ್ಳಬೇಕು ಎಂದು ಬರೆದಿದ್ದೆ. ಜಾತ್ಯತೀತತೆಯ ಪರವಾಗಿ ಬರೆದ ಲೇಖನ ಅದು, ನಾಲ್ಕು ಜನ ಮೆಚ್ಚಿದ್ದರು. ‘ಒಡೆಯದಂತೆ’ ಅಂದರೆ ಏನು ಮೇಡಂ, ನಮ್ಮ ಮನೆಯಲ್ಲೇ ಅಬ್ಬಾ ಒಂದು ಕಡೆ, ಅಣ್ಣ ಒಂದು ಕಡೆ ಹಾಕ್ತಾರೆ, ಅಂದಳು. ನನ್ನ ಬಳಿ ಉತ್ತರ ಇರಲಿಲ್ಲ. ಓಲೈಕೆ ಎಂದವರಿಗೂ ನನಗೂ ಒಂದು ಒಪ್ಪಂದ ಇತ್ತು. ಈ ಜನ ಒಟ್ಟಿಗೆ ಚಲಿಸುವ ಒಂದು ಗಡ್ಡೆ, ಪ್ರಶ್ನೆ ಏನಿದ್ದರೂ ಅದು ಯಾವ ಕಡೆಗೆ ಉರುಳುತ್ತದೆ ಎಂಬುದಷ್ಟೇ.

ಈ ಗಡ್ಡೆಯ ಲೆಕ್ಕವನ್ನು ಸಹಾನುಭೂತಿಯ ಪತ್ರಿಕೆಗಳೂ ತಪ್ಪದೆ ಬರೆಯುತ್ತವೆ. 2011ರ ಜನಗಣತಿಯಂತೆ ರಾಜ್ಯದ ಜನಸಂಖ್ಯೆಯಲ್ಲಿ ಮುಸ್ಲಿಮರು ಸುಮಾರು ಶೇ 13. ಎಲ್ಲ ಕೋಷ್ಟಕಗಳೂ ಅಲ್ಲಿಂದ ಶುರು. 2023ರಲ್ಲಿ ಗೆದ್ದ ಮುಸ್ಲಿಂ ಶಾಸಕರು ಒಂಬತ್ತು ಮಂದಿ, ಎಲ್ಲರೂ ಕಾಂಗ್ರೆಸ್ಸಿನವರು. ಬಿಜೆಪಿ ಒಬ್ಬರಿಗೂ ಟಿಕೆಟ್ ಕೊಟ್ಟಿರಲಿಲ್ಲ. ಈ ಎರಡು ಅಂಕಿಗಳ ನಡುವಿನ ಅಂತರವನ್ನು ಪ್ರಾತಿನಿಧ್ಯದ ಪ್ರಶ್ನೆಯಾಗಿ ಎತ್ತಿದ ಬರಹ ಕೆಲವೇ, ಗೆಲುವಿನ ಗಣಿತವಾಗಿ ನೋಡಿದವು ಹಲವು. ನಮ್ಮ ರಾಮನಗರದಲ್ಲೇ ಇಕ್ಬಾಲ್ ಹುಸೇನ್ ಅವರು ನಿಖಿಲ್ ಕುಮಾರಸ್ವಾಮಿ ಅವರನ್ನು ಸೋಲಿಸಿದರು. ಮುಸ್ಲಿಮರು ಬಹುಸಂಖ್ಯಾತರಲ್ಲದ ಕ್ಷೇತ್ರ ಇದು. ಅಂದರೆ ಬೇರೆಯವರು ಅವರಿಗೆ ಮತ ಹಾಕಿದ್ದಾರೆ, ಗಡ್ಡೆಯ ಲೆಕ್ಕದಲ್ಲಿ ಇದಕ್ಕೆ ಕಲಮು ಇಲ್ಲ. ಯಾಕೆ ಹಾಕಿದರು ಎಂದು ಕೇಳಲು ಊರಿನ ಟೀ ಅಂಗಡಿಗೆ ಬಂದರೆ ಸಾಕಿತ್ತು.

ಎಡ್ವರ್ಡ್ ಸೈದ್ 1981ರಲ್ಲಿ ‘ಕವರಿಂಗ್ ಇಸ್ಲಾಂ’ ಎಂಬ ಪುಸ್ತಕ ಬರೆದ. ಇರಾನ್ ಕ್ರಾಂತಿಯ ನಂತರ ಅಮೆರಿಕದ ಪತ್ರಿಕೆಗಳು ಇಸ್ಲಾಮಿನ ಬಗ್ಗೆ ಬರೆದ ರೀತಿಯ ವಿಮರ್ಶೆ ಅದು. ಆ ಶೀರ್ಷಿಕೆಯಲ್ಲಿ ವರದಿ ಮಾಡುವುದು ಮತ್ತು ಮುಚ್ಚುವುದು ಎರಡೂ ಅರ್ಥಗಳಿವೆ. ನಮಗೆ ಆ ಪುಸ್ತಕ ಪೂರ್ತಿ ಒಗ್ಗುವುದಿಲ್ಲ. ಅಮೆರಿಕದ ವರದಿಗಾರನಿಗೆ ಟೆಹರಾನ್ ಪರದೇಶ, ಭಾಷೆ ಬಾರದು. ಕನ್ನಡದ ವರದಿಗಾರನಿಗೆ ಎದುರುಮನೆ ಪರದೇಶವಲ್ಲ. ಅವನ ಭಾಷೆಯಲ್ಲೇ ಸಾರಾ ಅಬೂಬಕ್ಕರ್ ಬರೆದಿದ್ದಾರೆ, ಬೊಳುವಾರು ಮುತ್ತುಪ್ಪಾಡಿ ಎಂಬ ಊರನ್ನೇ ಕಟ್ಟಿದ್ದಾರೆ, ಫಕೀರ್ ಮುಹಮ್ಮದ್ ಕಟ್ಪಾಡಿ, ಬಾನು ಮುಷ್ತಾಕ್ ಇದ್ದಾರೆ. ಈ ಕಥೆಗಳಲ್ಲಿ ಮುಸ್ಲಿಮರು ಜಗಳವಾಡುತ್ತಾರೆ, ಸಾಲ ಮಾಡುತ್ತಾರೆ, ಮೌಲ್ವಿಯನ್ನು ಬೈಯುತ್ತಾರೆ, ಹೆಂಡತಿಗೆ ಅನ್ಯಾಯ ಮಾಡುತ್ತಾರೆ, ಆಮೇಲೆ ಕೊರಗುತ್ತಾರೆ. ತಲಾಖಿನ ಕ್ರೌರ್ಯವನ್ನು ‘ಚಂದ್ರಗಿರಿಯ ತೀರದಲ್ಲಿ’ ಹೇಳಿದಷ್ಟು ಗಟ್ಟಿಯಾಗಿ ಯಾವ ಭಾಷಣವೂ ಹೇಳಿಲ್ಲ. ಆದರೆ ಅಲ್ಲಿ ನಾದಿರಾ ಎಂಬ ಹೆಣ್ಣಿದ್ದಾಳೆ, ಭಾಷಣದಲ್ಲಿ ‘ಮುಸ್ಲಿಂ ಮಹಿಳೆಯರು’ ಇರುತ್ತಾರೆ.

ಈ ಬರಹಗಳು ಪತ್ರಿಕೆಯಿಂದ ದೂರ, ಯಾವುದೋ ಪವಿತ್ರ ಸಾಹಿತ್ಯಲೋಕದಲ್ಲಿ ಹುಟ್ಟಿದವಲ್ಲ ಎಂಬುದೇ ನನಗೆ ಮುಖ್ಯ. ‘ಚಂದ್ರಗಿರಿಯ ತೀರದಲ್ಲಿ’ ಮೊದಲು ಬಂದದ್ದು ಲಂಕೇಶ್ ಪತ್ರಿಕೆಯಲ್ಲಿ, ಧಾರಾವಾಹಿಯಾಗಿ. ಬಾನು ಮುಷ್ತಾಕ್ ಅದೇ ಪತ್ರಿಕೆಗೆ ವರದಿ ಮಾಡುತ್ತಿದ್ದರು. ರಾಜಕೀಯ ವರದಿಯೂ ಮುಸ್ಲಿಂ ಮನೆಯ ಅಡುಗೆಕೋಣೆಯೂ ಒಂದೇ ಕಾಗದದಲ್ಲಿ ಅಕ್ಕಪಕ್ಕ ಅಚ್ಚಾಗುತ್ತಿದ್ದ ಕಾಲವೊಂದು ಕನ್ನಡದಲ್ಲಿ ಇತ್ತು. ಸಾರಾ ಅವರು ತೀರಿಕೊಂಡದ್ದು 2023ರ ಜನವರಿ 10ರಂದು. ಪತ್ರಿಕೆಗಳು ಒಳ್ಳೆಯ ಶ್ರದ್ಧಾಂಜಲಿ ಬರೆದವು, ಆ ಪುಟಗಳೂ ನನ್ನ ಬಳಿ ಇವೆ. ಎರಡೂವರೆ ತಿಂಗಳ ನಂತರ ಅದೇ ಪತ್ರಿಕೆಗಳ ಮುಖಪುಟಕ್ಕೆ ಆ ಓದು ಯಾವ ಉಪಯೋಗಕ್ಕೂ ಬರಲಿಲ್ಲ. (2025ರಲ್ಲಿ ಬಾನು ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಮುಖಪುಟದ ಸಂಭ್ರಮ, ನಾಲ್ಕೇ ತಿಂಗಳಲ್ಲಿ ಅವರು ದಸರಾ ಉದ್ಘಾಟಿಸುವಾಗ ಮತ್ತೆ ಎರಡು ಕಾಲಂ, ನಡುವೆ ಗೆರೆ. ಆಗ ಚುನಾವಣೆಯೂ ಇರಲಿಲ್ಲ.)

ಪುಸ್ತಕದ ಚಿತ್ರಗಳ ಬಗ್ಗೆ ಹೇಳುವುದು ಉಳಿಯಿತು. ಮಾತಿಗಿಂತ ಮುಂಚೆ ಕಣ್ಣಿಗೆ ಬೀಳುವುದು ಅವೇ. ಐವತ್ತೊಂದು ದಿನಗಳಲ್ಲಿ ಅವಳಿಗೆ ಸಿಕ್ಕ ಚಿತ್ರಗಳು ಮೂರೇ ಬಗೆಯವು. ಹಿಂದಿನ ವರ್ಷದ ಹಿಜಾಬ್ ವಿವಾದದ ಕಡತಚಿತ್ರ, ಕಾಲೇಜಿನ ಗೇಟಿನ ಎದುರು ಬೆನ್ನು ಮಾಡಿ ನಿಂತ ಹುಡುಗಿಯರು. ಏಪ್ರಿಲ್ 22ರ ಈದ್ ನಮಾಜಿನ ಸಾಲು, ಮೇಲಿನಿಂದ ತೆಗೆದದ್ದು. ಮೇ 10ರ ಮತದಾನದ ಸರತಿಯಲ್ಲಿ ಬುರ್ಖಾ ಧರಿಸಿದ ಹೆಂಗಸರು. ಮೊದಲನೆಯದರಲ್ಲಿ ಬೆನ್ನು, ಎರಡನೆಯದರಲ್ಲಿ ನೆತ್ತಿ, ಮೂರನೆಯದರಲ್ಲಿ ಶಾಯಿ ಬಿದ್ದ ಬೆರಳು. ಹಿಜಾಬ್ ಚಿತ್ರ ಮೀಸಲಾತಿಯ ಸುದ್ದಿಗೂ ಬಂತು, ಮತಗಣಿತದ ಸುದ್ದಿಗೂ ಬಂತು. ಆ ಹುಡುಗಿಯರಿಗೂ ಆ ಸುದ್ದಿಗಳಿಗೂ ಸಂಬಂಧ ಏನೆಂದು ಯಾರೂ ಕೇಳಿಕೊಂಡಂತಿಲ್ಲ.

ಮೂರನೆಯ ಬಗೆಯ ಒಂದು ಚಿತ್ರ ಅವಳ ಎರಡನೆಯ ಪುಸ್ತಕದ ಕೊನೆಯ ಹಾಳೆಯಲ್ಲಿದೆ. ಮೇ 11ರ ಸಂಚಿಕೆ, ನಮ್ಮದೇ ಜಿಲ್ಲೆಯ ಪುಟ. ಮೂವರು ಹೆಂಗಸರು, ಬೆರಳು ಮೇಲೆತ್ತಿ ಕ್ಯಾಮೆರಾಕ್ಕೆ ತೋರಿಸುತ್ತಿದ್ದಾರೆ. ಕೆಳಗೆ ಒಂದು ಸಾಲು: ಮತಗಟ್ಟೆಯ ಸಂಖ್ಯೆ, ಬಡಾವಣೆಯ ಹೆಸರು, ಮುಸ್ಲಿಂ ಮಹಿಳೆಯರು ಉತ್ಸಾಹದಿಂದ ಮತ ಚಲಾಯಿಸಿದರು ಎಂಬ ಮಾತು. ಇಡೀ ಪುಸ್ತಕದಲ್ಲಿ ಕೆಂಪು ಪೆನ್ನು ಹಿಡಿದಿದ್ದವಳು ಇಲ್ಲಿ ಪೆನ್ಸಿಲ್ ಬಳಸಿದ್ದಾಳೆ. ನಡುವೆ ನಿಂತವರಿಂದ ಒಂದು ಗೆರೆ ಎಳೆದು ಅಂಚಿನಲ್ಲಿ ಬರೆದಿದ್ದಾಳೆ: ‘ಇವರು ನಮ್ಮ ಚಿಕ್ಕಮ್ಮ. ರೇಷ್ಮೆ ನೂಲು ಬಿಚ್ಚುವ ಕೆಲಸ. ಬಿ.ಎ. ಫೈನಲ್‌ವರೆಗೆ ಓದಿದ್ದಾರೆ. ಬಿಸಿನೀರಲ್ಲಿ ಕೈ ಇಟ್ಟು ಇಟ್ಟು ಬೆರಳ ತುದಿ ಬೆಳ್ಳಗೆ ಸುಕ್ಕಾಗಿದೆ, ಅದಕ್ಕೇ ಶಾಯಿ ಸರಿಯಾಗಿ ಹತ್ತಿಲ್ಲ. ಫೋಟೋದಲ್ಲಿ ನೋಡಿದರೆ ಕಾಣುತ್ತೆ.’

ನಾನು ಕನ್ನಡಕ ಒರೆಸಿಕೊಂಡು ನೋಡಿದೆ. ಕಾಣುತ್ತಿತ್ತು.